ಒಂದೂವರೆ ಗಂಟೆಯ ದಾರಿ

ಮಂಗಳೂರಿನಿಂದ ಮುಂಬೈಗೆ ವಿಮಾನದಲ್ಲಿ ಒಂದೂವರೆ ಗಂಟೆ. ಕುಂದಾಪುರದ ನನ್ನ ಟಿಕೆಟ್ ಅಂಗಡಿಯಲ್ಲಿ ಕೂತು ಎಷ್ಟೋ ವರ್ಷಗಳಿಂದ ಇದನ್ನೇ ಹೇಳುತ್ತಿದ್ದೇನೆ. ಮನೆಯಿಂದ ಹೊರಟು ಒಂದೂವರೆ ಗಂಟೆಯಲ್ಲಿ ಮುಂಬೈ ಮುಟ್ಟಿದವರನ್ನು ಇನ್ನೂ ಕಂಡಿಲ್ಲ. ಆದರೂ ಜನ ನಂಬುತ್ತಾರೆ. ನನಗೆ ಬೈಗುಳ ತಪ್ಪುವುದಿಲ್ಲ.

೧

ಕೋಟದ ಒಬ್ಬ ಮೀನು ಮಾರುವ ಹೆಂಗಸು ಮಗಳ ಮನೆಗೆ ಹೊರಟರು. ಕಾರು ಹತ್ತುವಾಗಲೇ ಡೊಂಬಿವಲಿಗೆ ಫೋನು: "ಹೊರ್ಟೆ ಮಗಾ. ಒಂದೂವರೆ ಗಂಟಿ ಅಂಬ್ರ್. ಅನ್ನಕ್ಕೆ ಇಡ್."

ಕಾರಿನಲ್ಲಿ ಎರಡು ಗಂಟೆ, ವಿಮಾನ ನಿಲ್ದಾಣದಲ್ಲಿ ಕಾಯುವುದು ಎರಡು ಗಂಟೆ, ಮುಂಬೈಯಲ್ಲಿ ಇಳಿದ ಮೇಲೆ ಟ್ರಾಫಿಕ್ಕಿನಲ್ಲಿ ಇನ್ನೆರಡು. ಸಂಜೆ ಮಗಳ ಫೋನು ನನಗೆ ಬಂತು: "ಅಮ್ಮನ್ನ ವಿಮಾನಕ್ಕೆ ಹತ್ಸಿದ್ರ್ಯಾ, ಬಸ್ಸಿಗೆ ಹತ್ಸಿದ್ರ್ಯಾ? ಅನ್ನ ಗಂಜಿ ಆಯ್ತ್!"

೨

ಬ್ರಹ್ಮಾವರದ ಒಬ್ಬರು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ನಮ್ಮ ಹೆದ್ದಾರಿಯಲ್ಲಿ ಎರಡು ನಿಮಿಷ ತಡವಾದರೆ ಹಿಂದಿನ ಬಸ್ಸು ನಮ್ಮ ಜನರನ್ನೆಲ್ಲ ಹತ್ತಿಸಿಕೊಂಡು ಹೋಗುತ್ತದೆ. ಆ ಭಯದಲ್ಲೇ ಅವರ ಕೂದಲು ಬೆಳ್ಳಗಾದದ್ದು.

ಅವರ ವಿಮಾನ ಹೊರಡದೆ ಇಪ್ಪತ್ತು ನಿಮಿಷ ನಿಂತಿತು. ಅಷ್ಟರಲ್ಲಿ ಇನ್ನೊಂದು ವಿಮಾನ ಮುಂದೆ ಹೋಯಿತು. ಅವರು ಗಗನಸಖಿಯನ್ನು ಕರೆದು ಕೇಳಿದರು: "ಎಂತ ಮಾರಾಯ್ರೆ, ನಮ್ ಟೈಮ್ ಅವ್ನಿಗೆ ಬಿಟ್ಟ್‌ಕೊಟ್ಟದ್ದ್ ಎಂತಕ್ಕೆ?" ಆಕೆಗೆ ಕನ್ನಡ ಬರುತ್ತಿರಲಿಲ್ಲ. ನಕ್ಕಳು. ಇವರು ಕಿಟಕಿಯ ಪಕ್ಕದ ಗೋಡೆಗೆ ಎರಡು ಸಲ ಬಡಿದು "ರೈಟ್!" ಎಂದರು.

ಸರಿಯಾಗಿ ಆಗಲೇ ವಿಮಾನ ಹೊರಟಿತಂತೆ. ಅದು ಕಾಕತಾಳೀಯ ಎಂದು ಅವರನ್ನು ಒಪ್ಪಿಸಲು ಇವತ್ತಿನವರೆಗೆ ಯಾರಿಗೂ ಆಗಿಲ್ಲ.

೩

ಬೈಂದೂರಿನ ಒಬ್ಬ ಮೀನು ವ್ಯಾಪಾರಿಯ ಅಕ್ಕನ ಮಗಳಿಗೆ ಮುಂಬೈಯಲ್ಲಿ ನಿಶ್ಚಿತಾರ್ಥ. ಸಂಜೆ ಏಳಕ್ಕೆ ಮುಹೂರ್ತ. ಸೋದರಮಾವ ಕೂರದೆ ಶಾಸ್ತ್ರ ಶುರುವಾಗುವ ಹಾಗಿಲ್ಲ. ಮಧ್ಯಾಹ್ನ ಎರಡರ ವಿಮಾನಕ್ಕೆ ಅವರಿಗೂ ಅದೇ ನಿಶ್ಚಿತಾರ್ಥಕ್ಕೆ ಹೊರಟಿದ್ದ ಪಕ್ಕದ ಮನೆಯವರಿಗೂ ನಾನೇ ಟಿಕೆಟ್ ಮಾಡಿಸಿದ್ದೆ.

ಬೆಳಿಗ್ಗೆ ಒಂಬತ್ತರಿಂದ ರಾಹುಕಾಲ. ಅದಕ್ಕೆ ಎಂಟಕ್ಕೇ ಪ್ರಸ್ಥಾನ ಇಟ್ಟರು: ಒಳ್ಳೆಯ ಹೊತ್ತಿನಲ್ಲಿ ಬ್ಯಾಗನ್ನು ಪಕ್ಕದ ಮನೆಯಲ್ಲಿ ಇಟ್ಟು ಬಂದರೆ ಆಯಿತು, ಪ್ರಯಾಣ ಹೊರಟ ಲೆಕ್ಕ. ಆಮೇಲೆ ಯಾವಾಗ ಹೋದರೂ ದೋಷವಿಲ್ಲ.

ಹನ್ನೊಂದು ಗಂಟೆಗೆ ಫೋನು ಮಾಡಿದೆ.

"ಹ್ವಾಯ್, ಹೊರ್ಟ್ರ್ಯಾ?"

"ಎಂಟಕ್ಕೇ ಹೊರ್ಟೆ."

"ಈಗ ಎಲ್ಲಿದ್ರಿ?"

"ಮನೆಯಗೆ. ಉಂಡ್ಕಂಡ್ ಬತ್ತೆ. ಒಂದೂವರೆ ಗಂಟಿ ದಾರಿ ಅಲ್ದಾ?"

ಬೈಂದೂರಿನಿಂದ ವಿಮಾನ ನಿಲ್ದಾಣಕ್ಕೇ ಮೂರು ಗಂಟೆ ಬೇಕು. ಅವರು ಅಲ್ಲಿ ಮುಟ್ಟುವಾಗ ವಿಮಾನ ಆಕಾಶದಲ್ಲಿತ್ತು. ಅದರಲ್ಲಿ ಪಕ್ಕದ ಮನೆಯವರಿದ್ದರು. ಪ್ರಸ್ಥಾನ ಇಟ್ಟ ಆ ಚಕ್ರದ ಬ್ಯಾಗು ತಿರುಗಿ ಮನೆಗೆ ಹೋಗಬಾರದೆಂದು ಅವರು ಅದನ್ನೂ ಜೊತೆಗೆ ಒಯ್ದಿದ್ದರು.

ಸಂಜೆ ಮುಂಬೈಯಲ್ಲಿ ಗಲಾಟೆ. ಗಂಡಿನ ಕಡೆಯವರು ಗಡಿಯಾರ ನೋಡುತ್ತಿದ್ದಾರೆ, ಹುಡುಗಿ ಅಳುತ್ತಿದ್ದಾಳೆ, ಮಾವ ಇಲ್ಲ. ಕೊನೆಗೆ ಹುಡುಗಿಯ ಅಜ್ಜಿ ಕೇಳಿದರಂತೆ: "ಅವ್ನ ಪ್ರಸ್ಥಾನ ಬಂದಿತ್ತಲ್ದಾ? ಹಾಂಗಾರೆ ಅವ ಬಂದಾಂಗೇ. ಕುರ್ಚಿ ಮೇಲೆ ಇಟ್ಟ್ ಸುರು ಮಾಡಿ."

ಬ್ಯಾಗಿಗೆ ಹೂ ಹಾಕಿ, ಕುಂಕುಮ ಹಚ್ಚಿ, ಮಾವನ ಕುರ್ಚಿಯಲ್ಲಿ ಕೂರಿಸಿದರು. ಶಾಸ್ತ್ರ ಸಾಂಗವಾಗಿ ನಡೆಯಿತು. ಹುಡುಗ ಹುಡುಗಿ ಮಾವನ ಕಾಲಿಗೆ ಬೀಳುವ ಹೊತ್ತಿಗೆ ಮಾತ್ರ ಸ್ವಲ್ಪ ಗೊಂದಲವಾಯಿತಂತೆ.

ಆಮೇಲೆ ಇಬ್ಬರೂ ಬಗ್ಗಿ ಒಂದೊಂದು ಚಕ್ರ ಮುಟ್ಟಿ ಕಣ್ಣಿಗೊತ್ತಿಕೊಂಡರು.