ಇಪ್ಪತ್ತೆರಡು ಬೇಡಿಕೆಗಳ ಲ್ಯಾಪ್‌ಟಾಪು

ಎರಡು ಬಸ್ಸು ಬೇಕಾದರೆ ನಾಲ್ಕು ಕೇಳಬೇಕು. ಮೂವತ್ತೈದು ವರ್ಷ ಬೀದಿಯಲ್ಲಿ ಕೂತು ನಾನು ಕಲಿತ ವಿದ್ಯೆ ಇಷ್ಟೇ. ಕೇಳುವವನು ಇಮ್ಮಡಿ ಕೇಳಬೇಕು, ಕೊಡುವವನು ಅರ್ಧ ಕೊಡಬೇಕು, ಆಮೇಲೆ ಇಬ್ಬರೂ ಗೆದ್ದೆವೆಂದು ಮನೆಗೆ ಹೋಗಿ ರೊಟ್ಟಿ ತಿನ್ನಬೇಕು. ಹುನಗುಂದದ ಕಚೇರಿಯ ಮುಂದೆ ನಾನು ಕೂತಷ್ಟು ದಿನ ಆ ಕಚೇರಿಯೊಳಗೆ ಯಾವ ಸಾಹೇಬನೂ ಕೂತಿಲ್ಲ. ರಾಮಥಾಳದ ಕಡೆಯ ರೈತರ ಜೊತೆ ನೀರಿಗಾಗಿ ಕೂತಿದ್ದೇನೆ, ಕಲ್ಲು ಕ್ವಾರಿಯವರ ಜೊತೆ ಕೂಲಿಗಾಗಿ ಕೂತಿದ್ದೇನೆ, ನೇಕಾರರ ಜೊತೆ ನೂಲಿಗಾಗಿ ಕೂತಿದ್ದೇನೆ. ಒಟ್ಟಿನಲ್ಲಿ ಕೂಡುವುದರಲ್ಲಿ ನನ್ನನ್ನು ಮೀರಿಸುವವರು ಈ ಭಾಗದಲ್ಲಿ ಇಲ್ಲ. (ನನ್ನ ಹೆಂಡತಿಯೂ ಇದೇ ಮಾತು ಹೇಳುತ್ತಾಳೆ. ಧಾಟಿ ಮಾತ್ರ ಬೇರೆ.)

ಹೆಂಡತಿಯ ಹೆಸರು ಗುರುಲಿಂಗವ್ವ. ನಾನು ನಾಡನ್ನು ಉದ್ಧಾರ ಮಾಡುತ್ತಿದ್ದ ಅಷ್ಟೂ ವರ್ಷ ಮನೆಯ ಒಲೆ ಆರದಂತೆ ನೋಡಿಕೊಂಡವಳು ಅವಳೇ, ಇಳಕಲ್ ಸೀರೆ ಮಾರಿ. ಸೊಲ್ಲಾಪುರ, ಹೈದರಾಬಾದ್, ಪುಣೆ ಎಂದು ಎಲ್ಲಿ ಕೈಮಗ್ಗದ ಪ್ರದರ್ಶನ ನಡೆದರೂ ಗಂಟು ಕಟ್ಟಿಕೊಂಡು ಹೊರಡುತ್ತಾಳೆ. ಜೊತೆಗೆ ಪಕ್ಕದ ಮನೆಯ ಇಂದ್ರವ್ವ. ಇವಳ ತಲೆಯ ಮೇಲೊಂದು ಗಂಟು, ಅವಳ ತಲೆಯ ಮೇಲೊಂದು ಗಂಟು.

ಹೋದ ವರ್ಷ ಪುಣೆಯಲ್ಲಿ ಒಂದು ಮದುವೆ ಮನೆಯವರು ಬಂದರಂತೆ. ಬೇರೆ ಬಣ್ಣ ತೋರಿಸಿ ಎಂದರಂತೆ. ಇವಳು ಫೋನಿನಲ್ಲಿ ಫೋಟೊ ತೋರಿಸಿದಳು. ಅಂಗೈಯಗಲದ ಪರದೆಗೆ ಐದು ಹೆಂಗಸರು ತಲೆ ಬಾಗಿಸಿದರು, ತಲೆಗೆ ತಲೆ ಬಡಿದವು, ಗಿರಾಕಿ ಪಕ್ಕದ ಸ್ಟಾಲಿಗೆ ಹೋಯಿತು. ಆ ಇಪ್ಪತ್ತು ಸೀರೆಯ ಮದುವೆಯನ್ನು ಅವಳು ಇನ್ನೂ ಮರೆತಿಲ್ಲ. ಆದ್ದರಿಂದ ಈ ಸಲ ಪುಣೆಗೆ ಹೊರಡುವ ಎಂಟು ದಿನ ಮೊದಲು, ರೊಟ್ಟಿ ಬಡಿಯುತ್ತ, ಲ್ಯಾಪ್‌ಟಾಪಿನ ಮಾತು ತೆಗೆದಳು.

“ನೋಡ್ರಿ, ನಂದು ಮೂರ ಮಾತು. ಹಗುರ ಇರಬೇಕು. ಬೆಳಿಗ್ಗಿ ಚಾರ್ಜ್ ಮಾಡಿದ್ರ ಸಂಜಿತನಕ ನಡೀಬೇಕು. ದಾಳಿಂಬರಿ ಬಣ್ಣ ದಾಳಿಂಬರಿ ಆಗೇ ಕಾಣಬೇಕು, ಇಟ್ಟಂಗಿ ಆಗಬಾರದು. ಯುನೂಸನ ಅಂಗಡಿಗೆ ಹೋಗಿ ತರ್ರಿ. ನಾನ ಹೋಗ್ತಿದ್ದೆ, ನೇಕಾರರ ಮನಿ ತಿರಗೂದ ಆಗೇತಿ. ಅದರಾಗ ಇಂದ್ರವ್ವನ ಮೊಣಕಾಲ ಆಪರೇಷನ್ ಆಗೇತಿ, ಆಕಿ ಬರೂದಿಲ್ಲ. ಈ ಸಲ ಎಲ್ಲಾ ನಾನ ಹೊರಬೇಕು.”

ಇದರಲ್ಲಿ ನನ್ನ ಕಿವಿಗೆ ಬಿದ್ದದ್ದು ‘ಹೋರಾಟ’ ಎಂಬ ಶಬ್ದ ಮಾತ್ರ. ಆ ಶಬ್ದವನ್ನು ಅವಳು ಆಡಿಯೇ ಇರಲಿಲ್ಲ ಎನ್ನುವುದು ಬೇರೆ ಮಾತು.

ಕೂಡಲೇ ಸಭೆ ಕರೆದೆ. ಸಭೆ ಎಂದರೆ ನಾನು ಮತ್ತು ಗಾಳೆಪ್ಪ. ಗಾಳೆಪ್ಪ ಕ್ವಾರಿ ಕಾರ್ಮಿಕರ ಸಂಘದ ಹಳೇ ಹುಲಿ. ಸಂಘ ಕರಗಿದರೂ ಅದರ ಜಮಖಾನ ಇನ್ನೂ ಅವನ ಮನೆಯಲ್ಲೇ ಇದೆ. ಬೇಡಿಕೆ ಪತ್ರ ಬರೆಯಲು ಕೂತೆವು. ಪರದೆ ಹದಿನಾಲ್ಕು ಇಂಚು ಸಾಕು ಎನಿಸಿತು, ಹದಿನೇಳು ಎಂದು ಬರೆದೆವು. ಬಸ್ಸಿನ ಕುಲುಕಾಟಕ್ಕೆ ಒಡೆಯದ ಗಟ್ಟಿ ಮೈ ಎಂದು ಬರೆದೆವು. ಕೀಲಿಗಳು ಕತ್ತಲಲ್ಲೂ ಕಾಣಬೇಕು, ಸದ್ದು ಇಡೀ ಸಭೆಗೆ ಕೇಳಬೇಕು, ವೇಗ ಎಲ್ಲಕ್ಕಿಂತ ಹೆಚ್ಚಿರಬೇಕು, ಎಂದು ಸಾಗಿತು. ಹದಿನೆಂಟನೆಯದಾಗಿ ‘ತೂಕ ಕಡಿಮೆ ಇರಬೇಕು’ ಎಂದು ನಾನು ಬರೆಯುವಾಗ ಗಾಳೆಪ್ಪ ಪೆನ್ನು ಹಿಡಿದ.

“ಲೇ ನಾಗಲಿಂಗ, ಮೂವತ್ತೈದು ವರ್ಷದಾಗ ಯಾವತ್ತಾದ್ರೂ ‘ಕಡಿಮಿ ಕೊಡ್ರಿ’ ಅಂತ ಕೇಳೇವೇನು?”

“ಇಲ್ಲ.”

“ಹಂಗಂದ್ರ ಅದನ್ನ ಹೊಡದ ಹಾಕು. ನೋಡಿದ ಮಂದಿ ನಗ್ತಾರ.”

ತತ್ವದ ಮಾತು. ಹೊಡೆದು ಹಾಕಿದೆ. ಬ್ಯಾಟರಿಯ ಮಾತು ಇಬ್ಬರಿಗೂ ನೆನಪಾಗಲೇ ಇಲ್ಲ. ಕಡೆಗೆ ಇಪ್ಪತ್ತೆರಡು ಬೇಡಿಕೆ ನಿಂತವು. ಇದರಲ್ಲಿ ಹನ್ನೊಂದು ಸಿಗುತ್ತವೆ, ಹನ್ನೊಂದು ಬಿದ್ದುಹೋಗುತ್ತವೆ, ಉಳಿಯುವುದು ಗುರುಲಿಂಗವ್ವನಿಗೆ ಬೇಕಾದ ಯಂತ್ರ. ಇದು ನನ್ನ ಗಣಿತ.

ಯುನೂಸನ ಅಂಗಡಿ ಇಳಕಲ್ ಬಸ್ ನಿಲ್ದಾಣದ ಹತ್ತಿರ. ಹುಡುಗತನದಿಂದ ನನ್ನ ಭಾಷಣ ಕೇಳಿಯೂ ಕೆಡದೆ ಉಳಿದವನು. ನಾವು ಒಳಗೆ ಕಾಲಿಡುತ್ತಲೇ ರಟ್ಟಿನ ಹಾಳೆಯಂಥ ಒಂದು ಲ್ಯಾಪ್‌ಟಾಪನ್ನು ಎರಡು ಬೆರಳಲ್ಲಿ ಎತ್ತಿ ತೋರಿಸಿದ.

“ಕಾಕಾ, ಕಾಕು ಫೋನ್ ಮಾಡಿದ್ರು. ಪ್ರವಾಸಕ್ಕ ಇದ ಛಲೋ. ಒಂದ ಕೆಜಿ ಮ್ಯಾಲ ಒಂದಿಷ್ಟ ಐತಿ ಅಷ್ಟ. ದಿನಾ ಪೂರ್ತಿ ನಡೀತೈತಿ.”

ಆಡಳಿತ ವರ್ಗ ಮೊದಲು ತೋರಿಸಿದ್ದನ್ನು ಎಂದೂ ಒಪ್ಪಬಾರದು. ನಾನು ಬೇಡಿಕೆ ಪತ್ರವನ್ನು ಗಾಜಿನ ಮೇಜಿನ ಮೇಲಿಟ್ಟೆ. ಯುನೂಸ ಓದಿದ. ಮೇಲೆ ನೋಡಿದ. ಮತ್ತೆ ಓದಿದ.

“ಇದು ಕಾಕುಗ ಏನ್ರಿ?”

“ಪ್ರಶ್ನೆ ಬ್ಯಾಡ. ಲಿಖಿತ ಉತ್ತರ ಬೇಕು,” ಎಂದ ಗಾಳೆಪ್ಪ, ಮತ್ತು ಅಂಗಡಿಯ ಮೆಟ್ಟಿಲ ಮೇಲೆ ಜಮಖಾನ ಹಾಸಿದ. ಕೂತೆವು. ಯುನೂಸ ಚಹಾ ಕಳಿಸಿದ, ಕುಡಿದೆವು. (ಚಹಾ ಕುಡಿದರೆ ಧರಣಿ ಮುರಿಯುವುದಿಲ್ಲ. ಭಜಿ ತಿಂದರೆ ಮುರಿಯುತ್ತದೆ; ಅದನ್ನು ಆಮೇಲೆ ತಿಂದೆವು.) ಅರ್ಧ ತಾಸಿಗೆ ಅವನು ಹೊರಗೆ ಬಂದ.

“ಆತು ಕಾಕಾ. ಎಲ್ಲಾ ಬೇಡಿಕಿ ಒಪ್ಪೇನಿ.”

“ಎಲ್ಲಾ?”

“ಇಪ್ಪತ್ತೆರಡೂ. ಒಬ್ಬಾಂವ ಆಟ ಆಡಾಕಂತ ತರಿಸಿ ಒಯ್ಯಲಾರದ ಬಿಟ್ಟಾನ, ವರ್ಷ ಆತು. ಸಣ್ಣದರ ರೇಟಿಗೇ ಕೊಡ್ತೇನಿ.”

ನಾನು ಗಾಳೆಪ್ಪನ ಮುಖ ನೋಡಿದೆ, ಅವನು ನನ್ನ ಮುಖ ನೋಡಿದ. ಹೀಗೆ ಹಿಂದೆ ಎಂದೂ ಆಗಿರಲಿಲ್ಲ. ಲಾಠಿ ಬಂದರೆ ಏನು ಮಾಡಬೇಕು ಗೊತ್ತು, ಜೈಲಾದರೆ ಏನು ಮಾಡಬೇಕು ಗೊತ್ತು. ಎಲ್ಲವನ್ನೂ ಒಪ್ಪಿಬಿಟ್ಟರೆ ಏನು ಮಾಡಬೇಕೆಂದು ಯಾರೂ ನಮಗೆ ಹೇಳಿಕೊಟ್ಟಿರಲಿಲ್ಲ.

“ಈಗೇನ ಮಾಡೂದು?” ಎಂದು ಪಿಸುಗುಟ್ಟಿದ ಗಾಳೆಪ್ಪ.

“ಗೆದ್ದೇವಿ ಅಂತ ಕಾಣ್ತೈತಿ.”

ಗೆದ್ದ ಮೇಲೆ ಒಪ್ಪಂದ ಬೇಕಲ್ಲ. ‘ಉಭಯ ಪಕ್ಷದವರೂ ಯಾವ ಕಾರಣಕ್ಕೂ ಇದರಿಂದ ಹಿಂದೆ ಸರಿಯತಕ್ಕದ್ದಲ್ಲ’ ಎಂದು ನನ್ನ ಕೈಯಾರೆ ಬರೆದೆ. ಸಾಹೇಬರಿಂದ ಅಷ್ಟು ಸಲ ಮೋಸ ಹೋದವನಿಗೆ ಅದೊಂದು ಚಟ. ನಾನು ಸಹಿ ಮಾಡಿದೆ, ಯುನೂಸ ಸಹಿ ಮಾಡಿದ, ಗಾಳೆಪ್ಪ ಸಾಕ್ಷಿ ಹಾಕಿದ. ಯುನೂಸ ಅದಕ್ಕೆ ಪ್ಲಾಸ್ಟಿಕ್ ಹೊದಿಸಿ ಗೋಡೆಗೆ ತೂಗುಹಾಕಿದ. ಮೆರವಣಿಗೆಯಂತೆ ಮನೆಗೆ ಬಂದೆವು. ಒಂದು ಫರ್ಲಾಂಗು ನಾನು ಹೊತ್ತೆ, ಒಂದು ಫರ್ಲಾಂಗು ಗಾಳೆಪ್ಪ ಹೊತ್ತ. ಆಗಲೇ ನನಗೆ ತಿಳಿಯಬೇಕಿತ್ತು.

ಗುರುಲಿಂಗವ್ವ ಸೆರಗು ಸಿಕ್ಕಿಸಿಕೊಂಡಳು. ನೂಲು ತೂಗುವ ತಕ್ಕಡಿಯ ಒಂದು ತಟ್ಟೆಗೆ ಯಂತ್ರವನ್ನಿಟ್ಟಳು, ಇನ್ನೊಂದಕ್ಕೆ ನೂಲಿನ ಲಡಿ ಹಾಕುತ್ತ ಹೋದಳು. ಲಡಿ ಮುಗಿದವು. ಬೆಲ್ಲದ ಪೆಂಟೆ ಇಟ್ಟಳು. ಕಡೆಗೆ ಖಾರ ಕುಟ್ಟುವ ಗುಂಡುಕಲ್ಲು ಇಟ್ಟಾಗ ತಕ್ಕಡಿ ಸಮವಾಯಿತು. ಚಾರ್ಜರನ್ನು ಇನ್ನೂ ಇಟ್ಟಿರಲಿಲ್ಲ.

ಗುಂಡಿ ಒತ್ತಿದರೆ ಕೀಲಿಗಳೆಲ್ಲ ಕೆಂಪು, ಹಸಿರು, ನೀಲಿಯಾಗಿ ಉರುಸಿನ ದೀಪದಂತೆ ಓಡತೊಡಗಿದವು. ಒಳಗೊಂದು ಹಿಟ್ಟಿನ ಗಿರಣಿ ಶುರುವಾಯಿತು. ಪರದೆಯ ಮೇಲೆ ದಾಳಿಂಬೆ ಬಣ್ಣದ ಸೀರೆ ಕೆಂಡದಂತೆ ಉರಿಯಿತು. ಅವಳು ಒಂದು ಬುಟ್ಟಿ ರೊಟ್ಟಿ ಸುಟ್ಟು ಮುಗಿಸುವಷ್ಟರಲ್ಲಿ ಬ್ಯಾಟರಿ ಪ್ರಾಣ ಬಿಟ್ಟಿತು.

“ಬಸ್ಸಿನ್ಯಾಗ ಇದನ್ನ ತೊಡಿ ಮ್ಯಾಲ ಇಟಗೊಂಡ ಕುಂತ್ರ ಕಂಡಕ್ಟರ ಇದಕ್ಕ ಬ್ಯಾರೆ ಟಿಕೆಟ್ ಹರೀತಾನ,” ಎಂದಳು. “ಹಗುರ ಇರಬೇಕು ಅಂದಿದ್ದೆ.”

“ಆ ಬೇಡಿಕಿ ಸಭಾದಾಗ ಬಿದ್ದಹೋತು.”

“ಸಭಾದಾಗ ಯಾರ್ಯಾರು ಇದ್ರಿ?”

“ನಾನು, ಗಾಳೆಪ್ಪ.”

“ಹೊರಾಕಿ ಯಾರು?”

“ನೀ.”

“ನಾ ಇದ್ನೇನು ಸಭಾದಾಗ?”

ಮೂವತ್ತೈದು ವರ್ಷ ಸರ್ಕಾರಕ್ಕೆ ನಾನು ಕೇಳಿದ್ದು ಇದೇ ಪ್ರಶ್ನೆ. ಸರ್ಕಾರ ಆಗೆಲ್ಲ ಯಾಕೆ ಸುಮ್ಮನಿರುತ್ತಿತ್ತು ಎಂದು ಆ ಹೊತ್ತು ತಿಳಿಯಿತು.

ಮರುದಿನ ಊಟಕ್ಕೆ ಕೂತರೆ ತಾಟಿನ ಪಕ್ಕ ಒಂದು ಹಾಳೆ. ‘ಬೇಡಿಕೆಗಳು’ ಎಂದು ತಲೆಬರಹ, ಕೆಳಗೆ ಹನ್ನೆರಡು. ವರ್ಷದ ಎಲ್ಲ ಪ್ರದರ್ಶನಗಳಿಗೂ, ಯಂತ್ರದ ಜೊತೆ ಬಂದ ಆ ದೊಡ್ಡ ಕರಿ ಚೀಲವನ್ನು ನಾನೇ ಹೊರಬೇಕು. ದಿನವಿಡೀ ಸ್ಟಾಲಿನಲ್ಲಿ ಕೂಡಬೇಕು. ಗಿರಾಕಿಗಳ ಮುಂದೆ ಸರ್ಕಾರದ ಮಾತು ಎತ್ತಬಾರದು. ಗಡ್ಡ ಬೋಳಿಸಬೇಕು. ಗಾಳೆಪ್ಪನ ಜಮಖಾನ ಈ ಮನೆಯ ಹೊಸ್ತಿಲು ದಾಟಬಾರದು. ಹೀಗೆ.

ನನಗೆ ಒಳಗೊಳಗೇ ನಗು. ಪಾಪ, ಯಾರ ಮುಂದೆ ಈ ಪಟ್ಟು. ಗಾಳೆಪ್ಪನನ್ನು ಸಾಕ್ಷಿಗೆ ಕರೆದು ಒಂದು ತಾಸು ಸೆಣಸಿದೆ. ಗಡ್ಡ ಉಳಿಸಿದೆ. ಜಮಖಾನ ಉಳಿಸಿದೆ. ಹೈದರಾಬಾದ್, ಸೊಲ್ಲಾಪುರ ಎರಡನ್ನೂ ಹೊಡೆದು ಹಾಕಿಸಿದೆ. ಕಡೆಗೆ ನಾನು ಒಪ್ಪಿದ್ದು ಎರಡೇ: ಪುಣೆಗೆ ಕರಿ ಚೀಲ ಹೊರುವುದು, ಅಲ್ಲಿ ಸ್ಟಾಲಿನಲ್ಲಿ ಕೂಡುವುದು. ಕೂಡುವುದಂತೂ ನನ್ನ ಕಸುಬೇ. ಹಿಂದೆ ಸರಿಯತಕ್ಕದ್ದಲ್ಲ ಎಂಬ ಸಾಲನ್ನು ನಾನೇ ಸೇರಿಸಿದೆ. ಅವಳು ಮುಖ ಸಣ್ಣದು ಮಾಡಿಕೊಂಡು ಸಹಿ ಹಾಕಿದಳು. ನನಗೆ ಕನಿಕರವೂ ಆಯಿತು, ಎರಡು ರೊಟ್ಟಿ ಹೆಚ್ಚಿಗೂ ಸೇರಿದವು.

ಹೊರಡುವ ದಿನ ಕರಿ ಚೀಲವನ್ನು ಹೆಗಲಿಗೇರಿಸಿದೆ. ಸಣ್ಣ ಶವಯಾತ್ರೆಯ ಭಾರ. ಬಾದಾಮಿಯ ಒಂದು ಅಂಗಡಿಗೆ ನಾಲ್ಕು ಸೀರೆ ಕೊಟ್ಟು ಅಲ್ಲಿಂದ ರೈಲು ಹಿಡಿಯುವುದೆಂದು ಅವಳ ಏರ್ಪಾಡು. ಅವಳು ಅಂಗಡಿಯೊಳಗೆ ಹೋದಳು. ನಾನು ಹೊರಗಿನ ಕಟ್ಟೆಯ ಮೇಲೆ ಚೀಲವಿಟ್ಟು ಬೆವರು ಒರೆಸಿಕೊಳ್ಳುತ್ತಿದ್ದೆ. ಆಗ ಒಂದು ಮಂಗ ಬಂತು.

ಬಾದಾಮಿಯ ಮಂಗಗಳಿಗೆ ಜಿಪ್ಪು ಎಳೆಯುವುದು ಬಾಳೆಹಣ್ಣು ಸುಲಿದಷ್ಟೇ ಸಲೀಸು. ಎಳೆಯಿತು. ಕೈ ಹಾಕಿತು. ಈಗ ಆ ಯಂತ್ರದ ಭಾರಕ್ಕೆ ಇದರ ತೋಳು ಕಿತ್ತುಬರುತ್ತದೆ ಎಂದು ನಾನು ನೋಡುತ್ತಿದ್ದೆ. ಹೊರಗೆ ಬಂದದ್ದು ದಾಳಿಂಬೆ ಬಣ್ಣದ ಸೆರಗು. ಅದರ ಹಿಂದೆ ಗಿಳಿಹಸಿರು. ಅದರ ಹಿಂದೆ ಕಪ್ಪು ಚಂದ್ರಕಾಳಿ. ಚೀಲದ ತುಂಬ ಸೀರೆ. ಮಂಗ ತಿನ್ನುವಂಥದ್ದೇನೂ ಇಲ್ಲವೆಂದು ನನ್ನ ಮುಖವನ್ನೊಮ್ಮೆ ನೋಡಿ, ಸೆರಗು ಬಿಟ್ಟು ಹೋಯಿತು. ಅಷ್ಟು ಕನಿಕರದಿಂದ ನನ್ನನ್ನು ಯಾರೂ ನೋಡಿರಲಿಲ್ಲ.

ಗುರುಲಿಂಗವ್ವ ಹೊರಗೆ ಬಂದಳು. ಅವಳ ಕೈಯ ಬಟ್ಟೆ ಚೀಲದಿಂದ, ರಟ್ಟಿನ ಹಾಳೆಯಂಥದ್ದೊಂದು ಇಣುಕುತ್ತಿತ್ತು.

“ಇದು…” ಎಂದೆ.

“ನಿಮ್ಮದನ್ನ ತಿರುಗಿ ಕೊಟ್ಟ ಇದನ್ನ ತಂದೆ. ಯುನೂಸ ತೆಗದ ಇಟ್ಟಿದ್ದ. ಕಾಕು ಬಂದ ಬರ್ತಾರ ಅಂತ ಗೊತ್ತಿತ್ತು ಅವಗ.”

“ಯುನೂಸನ ಜೋಡಿ ಒಪ್ಪಂದ ಆಗಿತ್ತು. ಹಿಂದ ಸರಿಯೂ ಹಂಗಿರಲಿಲ್ಲ.”

“ನೀವು ಸರಿಯೂ ಹಂಗಿಲ್ಲ. ಅದಕ್ಕ ನಾ ಎಲ್ಲಿ ಸಹಿ ಹಾಕೇನಿ? ಬಿಲ್ಲು ನನ್ನ ಹೆಸರಿಲೆ ಐತಿ.”

“ಮತ್ತ ಈ ಚೀಲ?”

“ಇಂದ್ರವ್ವ ಹೊರತಿದ್ದ ಸೀರಿ. ಹೊರಾಕ ಒಬ್ರು ಬೇಕಿತ್ತು, ನಾ ಊಟಕ್ಕ ಹೋದಾಗ ಸ್ಟಾಲಿನ್ಯಾಗ ಕುಂಡ್ರಾಕ ಒಬ್ರು ಬೇಕಿತ್ತು. ಅಷ್ಟ. ಸೀದಾ ಕೇಳಿದ್ರ ಬರ್ತಿದ್ರೇನು? ಉಳಿದ ಹತ್ತು, ನಿಮಗ ಹೊಡದ ಹಾಕಾಕ ಇರಲಿ ಅಂತ ಬರದಿದ್ದೆ.”

“ಇದನ್ನ ನಿನಗ ಯಾರ ಕಲಿಸಿದ್ರು?”

“ನೀವು ಆಡೂದನ್ನ ಮನ್ಯಾಗ ಒಬ್ರರೆ ಕೇಳಬೇಕಲ್ರಿ.”

ಸೀರೆಗಳನ್ನು ಮಡಿಸಿ ಚೀಲಕ್ಕೆ ತುಂಬಿದೆ. ಜಿಪ್ಪು ಎಳೆದೆ. ಕೋಪ ಬರಬೇಕಿತ್ತು, ಕೂತು ಹುಡುಕಿದೆ, ಸಿಗಲಿಲ್ಲ. ಈ ಮೂವತ್ತೈದು ವರ್ಷದಲ್ಲಿ ನನ್ನ ಭಾಷಣದಿಂದ ನಿಜವಾಗಿ ಏನಾದರೂ ಗೆದ್ದವರು ಒಬ್ಬರಾದರೂ ಇದ್ದಾರೆ ಎಂದಾಯಿತಲ್ಲ.

ಅವಳು ಎದುರಿನ ಗಾಡಿಯಿಂದ ಒಂದು ಗ್ಲಾಸು ನಿಂಬೆ ಶರಬತ್ತು ತಂದು ನನ್ನ ಕೈಗಿಟ್ಟಳು. ಉಪವಾಸ ಮುರಿಸುವಾಗ ಸಾಹೇಬರು ಕುಡಿಸುವ ಶರಬತ್ತು ನನಗೆ ಹೊಸದಲ್ಲ. ಅವುಗಳಲ್ಲಿ ಸಕ್ಕರೆ ಕಡಿಮೆ, ಫೋಟೊ ಜಾಸ್ತಿ. ಇದು ಸಿಹಿಯಾಗಿತ್ತು. ಗಟಗಟ ಕುಡಿದು ಗ್ಲಾಸು ಕೆಳಗಿಡುವಷ್ಟರಲ್ಲಿ ಅವಳು ತನ್ನ ಗಂಟನ್ನೂ ನನ್ನ ಪಕ್ಕಕ್ಕೆ ಸರಿಸಿ, ಲ್ಯಾಪ್‌ಟಾಪನ್ನು ಕಂಕುಳಲ್ಲಿ ಇಟ್ಟುಕೊಂಡು, ರೈಲಿಗೆ ಹೊತ್ತಾಯಿತೆಂದು ಮುಂದೆ ನಡೆದಿದ್ದಳು.

ಹಗುರವಾಗಿ ನಡೆಯುತ್ತಿದ್ದಳು. ಯಂತ್ರ ನಿಜಕ್ಕೂ ಒಳ್ಳೆಯದೇ ಇರಬೇಕು.