ಇಷ್ಟು ದೊಡ್ಡ ಇಂಟು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಸಾಸಿವೆ ಕಾಳಿನಷ್ಟು ಒಂದು ಇಂಟು ಮಾರ್ಕು. ಫೋನಿನಲ್ಲಿ ಆಟ ಆಡುವಾಗ ನಡುವೆ ಜಾಹೀರಾತು ನುಗ್ಗುತ್ತದಲ್ಲ, ಅದನ್ನು ಮುಚ್ಚಲು ಮೂಲೆಯಲ್ಲಿ ಇಂಟು ಇರುತ್ತದಲ್ಲ, ನಾವೆಲ್ಲ ಕಣ್ಣು ಕಿರಿದು ಮಾಡಿ ಹುಡುಕಿ, ಒತ್ತಲು ಹೋಗಿ, ಬೆರಳು ತಪ್ಪಿ, ಬೇಡದ ಅಂಗಡಿಯೊಳಕ್ಕೆ ಬೀಳುತ್ತೇವಲ್ಲ, ಅದೇ. ಆ ಇಂಟು ಹುಟ್ಟುತ್ತಲೇ ಅಷ್ಟು ಚಿಕ್ಕದಾಗಿರಲಿಲ್ಲ. ಅದನ್ನು ಚಿಕ್ಕದು ಮಾಡಲೆಂದೇ ಒಬ್ಬ ಮನುಷ್ಯ ದಿನಾ ಬೆಳಗ್ಗೆ ಸ್ನಾನ ಮಾಡಿ, ಇಸ್ತ್ರಿ ಶರ್ಟು ಹಾಕಿಕೊಂಡು, ಊಟದ ಡಬ್ಬಿ ಹಿಡಿದು ಆಫೀಸಿಗೆ ಹೋಗುತ್ತಾನೆ. ಆಫೀಸಿನಲ್ಲಿ ಅವನ ಹೆಸರೇ ಇಂಟು.

ಹಾಗಂತ ಇಂಟು ಕೆಟ್ಟವನಲ್ಲ, ಪಾಪ. ಇರುವೆ ಕಂಡರೂ ದಾಟಿಕೊಂಡು ಹೋಗುವವನು. ಆದರೆ ಇಂಟನ್ನು ಎಷ್ಟು ಕಿರಿದು ಮಾಡಬಹುದು, ಎಷ್ಟು ತಡವಾಗಿ ತೋರಿಸಬಹುದು, ಬಿಳಿ ಮೋಡದ ಮೇಲೆ ಬಿಳಿ ಬಣ್ಣದಲ್ಲಿ ಹೇಗೆ ಬಚ್ಚಿಡಬಹುದು ಎಂಬ ವಿದ್ಯೆಯಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಜನರ ಬೆರಳು ತಪ್ಪಿದಷ್ಟೂ ಕಂಪನಿಗೆ ಲಾಭ. ಮನೆಯಲ್ಲಿ ಮಾತ್ರ ಈ ಸಂಗತಿ ಯಾರಿಗೂ ಗೊತ್ತಿಲ್ಲ. "ನಮ್ಮೋರು ಮಕ್ಕಳ ಬುದ್ಧಿ ಬೆಳೆಸೋ ಆಟ ಮಾಡ್ತಾರೆ" ಎಂದು ಹೆಂಡತಿ ಊರೆಲ್ಲ ಹೇಳಿಕೊಂಡು ಬಂದಿದ್ದಳು. ಅವನೂ ಅಲ್ಲ ಅನ್ನಲಿಲ್ಲ.

ಆ ದಿನ ಬೆಳಗ್ಗೆ ಅವನು ಹಲ್ಲುಜ್ಜುತ್ತಿದ್ದಾಗ ಅತ್ತೆ ಬಚ್ಚಲ ಬಾಗಿಲು ಬಡಿದರು. ಗಂಡ ತೀರಿಕೊಂಡ ಮೇಲೆ ಮಗಳ ಮನೆಗೆ ಬಂದವರು ಅವರು. ಫೋನಿನಲ್ಲಿ ಪಾತ್ರೆ ಜೋಡಿಸುವ ಆಟ ಆಡುತ್ತ ಹೊತ್ತು ಕಳೆಯುತ್ತಿದ್ದರು. ಆಟ ಅಳಿಯನ ಕಂಪನಿಯದೇ ಎಂದು ಅವರಿಗೇನು ಗೊತ್ತು?

"ಅಳಿಯಂದ್ರೇ, ಬೇಗ ಬನ್ನಿ! ಯಾರೋ ಗಂಡಸು ಫೋನ್ ಮಾಡಿ ನಿಮಗೆ ಸಕ್ಕರೆ ಕಾಯಿಲೆ ಇದೆಯಾ, ಅಡುಗೆ ಬರುತ್ತಾ ಅಂತ ಕೇಳ್ತಿದಾನೆ!"

ಇಂಟು ಬಾಯಿ ತುಂಬ ನೊರೆ ಇಟ್ಟುಕೊಂಡೇ ಫೋನು ನೋಡಿದ. ನೋಡಿ ನೊರೆ ನುಂಗಿದ. ಅರವತ್ತು ದಾಟಿದವರಿಗೆ ಜೊತೆ ಹುಡುಕಿ ಕೊಡುವ ಕಂಪನಿಯ ಜಾಹೀರಾತು ಬಂದಿತ್ತು; ಮುಚ್ಚಲು ಹೋದ ಅತ್ತೆಯ ಬೆರಳು ಜಾರಿತ್ತು; ಅವರ ಹೆಸರು, ವಯಸ್ಸು, ಫೋನ್ ನಂಬರು, ಹಸಿರು ಸೀರೆಯಲ್ಲಿ ನಗುತ್ತಿರುವ ಫೋಟೋ ಎಲ್ಲ ಹೋಗಿ 'ವರ ಬೇಕಾಗಿದ್ದಾನೆ' ಪಟ್ಟಿಯಲ್ಲಿ ಕೂತಿದ್ದವು.

"ದೇವರಾಣೆ, ನಾನು ಒತ್ತಿದ್ದು ಇಂಟನ್ನೇ! ಬೆರಳಿಗೆ ಸಿಕ್ಕಿದ್ರೆ ತಾನೆ? ಅದನ್ನ ಅಷ್ಟು ಚಿಕ್ಕದು ಮಾಡಿದೋನ ಕೈ ಸೇದ್ಹೋಗ!"

ಇಂಟು ಮೆಲ್ಲಗೆ ತನ್ನ ಕೈಯನ್ನು ಟವೆಲಿನೊಳಗೆ ಸೇರಿಸಿಕೊಂಡ.

ಅಷ್ಟರಲ್ಲಿ ಎದುರು ಮನೆಯ ನಿವೃತ್ತ ಮೇಷ್ಟ್ರು ತಲೆಗೆ ಎಣ್ಣೆ ಹಚ್ಚಿ, ಒಪ್ಪವಾಗಿ ಬಾಚಿಕೊಂಡು ಬಾಗಿಲಲ್ಲಿ ನಿಂತಿದ್ದರು. "ನಿಮ್ಮತ್ತೆಯವರ ಫೋಟೋ ಬಂತು. 'ತುಂಬಾ ಹತ್ತಿರದಲ್ಲಿದ್ದಾರೆ' ಅಂತಲೂ ತೋರಿಸ್ತು. ಬಸ್ಸಿನ ಖರ್ಚೂ ಇಲ್ಲವಲ್ಲ ಅಂತ ಬಂದೆ."

"ಮೇಷ್ಟ್ರೇ, ಅದು ಬೆರಳು ತಪ್ಪಿ ಆಗಿದ್ದು!"

"ನಾನೂ ಬೆರಳು ತಪ್ಪಿಯೇ ಸೇರಿದೋನಪ್ಪಾ. ಸೇರಿದ ಮೇಲೆ ಸುಮ್ಮನೆ ಯಾಕಿರೋದು?"

ಕೆಳಗಿನ ಮನೆಯ ಟೈಲರಮ್ಮ ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡೇ ಮೆಟ್ಟಿಲು ಹತ್ತಿ ಬಂದಳು. "ಕೇಳಿ ಖುಷಿಯಾಯ್ತು ಕಣಜ್ಜೀ! ಬಣ್ಣ ಯಾವುದು ಅಂದ್ಕೊಂಡಿದೀರಾ?" ಅತ್ತೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಒಳಗಿನಿಂದ ಅಳು ಕೇಳಿಸಿತು.

ಹೆಂಡತಿ ಅವನನ್ನು ಮೂಲೆಗೆ ಕರೆದಳು. "ರೀ, ಅಪ್ಪ ಹೋದ ಮೇಲೆ ಅಮ್ಮ ಹೀಗೆ ಅತ್ತಿದ್ದು ಇವತ್ತೇ. ಆಟದ ವಿಷಯ ನಿಮಗೆ ತಾನೆ ಗೊತ್ತಿರೋದು? ಸಂಜೆಯೊಳಗೆ ಸರಿ ಮಾಡಿಸಿ. ಇಲ್ಲಾಂದ್ರೆ ಅಮ್ಮನ್ನ ಕರ್ಕೊಂಡು ಅಣ್ಣನ ಮನೆಗೆ ಹೋಗ್ತೀನಿ. ಯಾವಾಗ ಬರ್ತೀಯ ಅಂತ ಕೇಳ್ಬೇಡಿ."

ಹೆಂಡತಿ ಕೂಗಾಡಿದ್ದರೆ ಇಂಟು ಇಷ್ಟು ಹೆದರುತ್ತಿರಲಿಲ್ಲ. ಅವಳು ತಣ್ಣಗೆ ಹೇಳಿದ್ದೇ ಅವನ ಜೀವ ಬಾಯಿಗೆ ತಂದಿತು.

ಆಫೀಸಿನಲ್ಲಿ ಬಾಸ್ ಕನ್ನಡಿಯ ಮುಂದೆ ನಿಂತು ಟೈ ಕಟ್ಟುತ್ತಿದ್ದರು. ಸಂಜೆ ಟಿವಿಯಲ್ಲಿ 'ಆಟವೋ, ಜೇಬುಗಳ್ಳತನವೋ?' ಎಂಬ ಚರ್ಚೆಯಿತ್ತು. "ನಾವು ಯಾರನ್ನೂ ಬಲವಂತ ಮಾಡಲ್ಲ, ಆಯ್ಕೆ ಆಟಗಾರರದೇ" ಎಂದು ಕನ್ನಡಿಗೆ ಹೇಳಿ, ಅದು ನಂಬಿತೇ ಎಂದು ನೋಡುತ್ತಿದ್ದರು.

"ಸಾರ್, ಆಟ ತೋರಿಸಿ ಅಂತ ಚರ್ಚೆ ನಡೆಸೋ ನಿರೂಪಕಿ ಅಂದ್ಬಿಟ್ರೆ?" ಎಂದ ಇಂಟು. "ನೇರಪ್ರಸಾರದಲ್ಲಿ ನೀವೇ ಇಂಟು ಹುಡುಕ್ತಾ ಕೂತ್ರೆ ಮಾನ ಹೋಗಲ್ವಾ? ಇವತ್ತೊಂದು ದಿನ ದೊಡ್ಡದು ಮಾಡೋಣ. ತಟ್ಟೆಯಷ್ಟು."

"ತಟ್ಟೆಯಷ್ಟಾ! ನಮ್ಮ ಹೊಟ್ಟೆ ಮೇಲೆ ನೀನೇ ಹೊಡೀತೀಯಲ್ಲಯ್ಯಾ!" ಬಾಸ್ ಟೈ ಬಿಟ್ಟು ತಲೆ ಹಿಡಿದುಕೊಂಡರು. ಮಾನದ ಲೆಕ್ಕ, ಲಾಭದ ಲೆಕ್ಕ ಎರಡನ್ನೂ ಹಾಕಿ ಕೊನೆಗೆ ಹೇಳಿದರು, "ಆಯ್ತು, ಒಂದೇ ದಿನ. ವರಮಾನ ಬಿತ್ತೋ, ನಾಳೆ ನಿನ್ನ ಕುರ್ಚೀಲಿ ಬೇರೆಯವರು."

ಪಕ್ಕದ ಮೇಜಿನಲ್ಲಿ ಒಬ್ಬನಿದ್ದ. 'ತಪ್ಪಿಸಿಕೊಳ್ಳಬೇಡಿ, ಇದೇ ಕೊನೇ ಅವಕಾಶ' ಎಂಬ ಸಾಲನ್ನು ನಾನಾ ಬಗೆಯಲ್ಲಿ ಬರೆಯುವುದೇ ಅವನ ಕೆಲಸ. "ಯೋಚ್ನೆ ಮಾಡಪ್ಪಾ" ಎಂದ ಅವನು, "ಬೇಡ ಅನ್ನೋಕೆ ಇದೇ ಕೊನೇ ಅವಕಾಶ."

ಇಂಟು ಕೇಳಲಿಲ್ಲ. ಬಿಳಿ ತಟ್ಟೆ, ಅದರಲ್ಲಿ ಕರಿ ಇಂಟು, ಕನ್ನಡಕವಿಲ್ಲದ ಮುದುಕರಿಗೂ ಕಾಣುವಂತೆ ಮಾಡಿ ಎಲ್ಲ ಫೋನುಗಳಿಗೂ ಕಳಿಸಿಬಿಟ್ಟ. ಎಷ್ಟೋ ವರ್ಷಕ್ಕೆ ಒಂದು ಒಳ್ಳೆ ಕೆಲಸ ಮಾಡಿದೆನೆಂದು ಅವನಿಗೆ ನಿಜಕ್ಕೂ ಸಂತೋಷವಾಯಿತು. ಆಮೇಲೆ ಆ ಜೊತೆ ಹುಡುಕುವ ಕಂಪನಿಯಿಂದ ಅತ್ತೆಯ ಹೆಸರು ತೆಗೆಸಲು ಕೂತ. 'ಹೆಸರು ತೆಗೆಯಿರಿ' ಎಂಬುದು ಎಲ್ಲಿದೆಯೆಂದು ಹುಡುಕುವುದಕ್ಕೇ ಮಧ್ಯಾಹ್ನ ಮುಗಿಯಿತು. ಅಲ್ಲೂ ಯಾರೋ ತನ್ನಂಥ ಪುಣ್ಯಾತ್ಮ ಕೆಲಸ ಮಾಡಿದ್ದ.

ಸಂಜೆ ಮನೆಗೆ ಬಂದರೆ ಬಾಗಿಲ ಬಳಿ ಹೆಂಡತಿಯ ಚೀಲ ಸಿದ್ಧವಾಗಿತ್ತು. ಅತ್ತೆ ಸೋಫಾದಲ್ಲಿ ಮುಖ ಊದಿಸಿಕೊಂಡು ಕೂತಿದ್ದರು. ಸಮಾಧಾನ ಹೇಳುವ ನೆಪದಲ್ಲಿ ಮೇಷ್ಟ್ರೂ ಬಂದಿದ್ದರು.

"ಅತ್ತೇ, ನಿಮ್ಮ ಹೆಸರು ತೆಗೆಸಿದ್ದಾಯ್ತು. ಇನ್ಮೇಲೆ ಆಟದಲ್ಲೂ ಕಾಟ ಇಲ್ಲ, ಸರಿ ಮಾಡಿಸಿದೀನಿ. ಆಡಿ ನೋಡಿ."

ಹೆಂಡತಿಯ ಮುಖ ಸಡಿಲಾಯಿತು. ಅತ್ತೆ ಎರಡು ಪಾತ್ರೆ ಜೋಡಿಸುವಷ್ಟರಲ್ಲಿ ಜಾಹೀರಾತು ಬಂತು. ಮನೆ ಸಾಮಾನು ಸಾಗಿಸುವ ಟೆಂಪೊದ್ದು. ಒತ್ತಿದ ಕೂಡಲೇ ಬಾಗಿಲಿಗೆ ಬರುತ್ತದಂತೆ. ಮೂಲೆಯಲ್ಲಿ ಇಂಟು ತಟ್ಟೆಯ ಹಾಗೆ ಹೊಳೆಯುತ್ತಿತ್ತು. ಅತ್ತೆ ಎತ್ತಿದ ಬೆರಳನ್ನು ಹಾಗೇ ತಡೆದರು.

"ಒತ್ತಿ ಅತ್ತೇ."

"ಇಷ್ಟು ದೊಡ್ಡ ಇಂಟನ್ನ ಯಾರಾದ್ರೂ ಸುಮ್ಮನೆ ಇಡ್ತಾರಾ? ನನ್ನನ್ನೇನು ದಡ್ಡಿ ಅಂದ್ಕೊಂಡಿದಾರಾ?"

"ಮುಟ್ಟಲೇಬೇಡಿ!" ಎಂದರು ಮೇಷ್ಟ್ರು. "ನೋಡಿದ್ರೇ ಗೊತ್ತಾಗುತ್ತೆ, ಶುದ್ಧ ಮೋಸ."

"ಮೋಸ ಅಲ್ಲ ಅತ್ತೇ, ಅದು ನಿಜವಾದ ಇಂಟು!"

"ನಿಮಗೆ ಹೇಗೆ ಗೊತ್ತು?"

ಆಗಲೇ ಇಂಟುವಿನ ಫೋನು ಬಡಿದುಕೊಂಡಿತು. ಗಾಬರಿಯಲ್ಲಿ ಕರೆ ಕತ್ತರಿಸಲು ಹೋದ. ಬೆರಳು ತಪ್ಪಿ ಸ್ಪೀಕರು ಹತ್ತಿ, ಬಾಸಿನ ದನಿ ಮನೆಯೆಲ್ಲ ತುಂಬಿತು.

"ಇಂಟೂ! ನೀನು ಸಾಮಾನ್ಯನಲ್ಲ ಬಿಡಯ್ಯಾ! ದೊಡ್ಡ ಇಂಟು ನೋಡಿ ಜನ ಹೆದರಿಬಿಟ್ಟಿದಾರೆ. ಅದೊಂದು ಬಿಟ್ಟು ಉಳಿದಿದ್ದೆಲ್ಲ ಒತ್ತುತಿದಾರೆ! ವರಮಾನ ದುಪ್ಪಟ್ಟು! ಸಾಸಿವೆಯಷ್ಟು ಇಂಟು ಮಾಡಿ ಸುಲಿದೋನು ನೀನೇ, ತಟ್ಟೆಯಷ್ಟು ಮಾಡಿ ಸುಲಿದೋನೂ ನೀನೇ! ಟಿವೀಲಿ ಚಪ್ಪಾಳೆ ಬೇರೆ! ನಾಳೆಯಿಂದ ನಮ್ಮ ಎಲ್ಲಾ ಆಟಕ್ಕೂ ನಿನ್ನ ಕೈಯಿಂದಲೇ ದೊಡ್ಡ ಇಂಟು!"

ಹೆಂಡತಿ ಗಂಡನನ್ನು ಯಾರೋ ಅಪರಿಚಿತನನ್ನು ನೋಡುವಂತೆ ನೋಡಿದಳು.

"ಚಿಕ್ಕದೂ ನೀವೇ ಮಾಡಿದ್ದಾ?" ಎಂದರು ಅತ್ತೆ.

"ಹೌದು ಅತ್ತೇ. ತಪ್ಪಾಯ್ತು. ಆದ್ರೆ ಇದು ಮಾತ್ರ ನಿಜವಾದದ್ದು, ನಿಮಗೋಸ್ಕರಾನೇ ಮಾಡಿದ್ದು. ನಿಮ್ಮ ಕಾಲಿಗೆ ಬೀಳ್ತೀನಿ, ಅದನ್ನೇ ಒತ್ತಿ."

"ನೀವು ಮಾಡಿದ್ದು ಅಂದ್ಮೇಲೆ ಸತ್ತರೂ ಒತ್ತಲ್ಲ" ಎಂದು ಅತ್ತೆ ಟೆಂಪೊದ ನಟ್ಟನಡುವೆ ಬಲವಾಗಿ ಬೆರಳೂರಿದರು.

ಆ ಜಾಹೀರಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಇಂಟು ಇನ್ನೂ ಕ್ಷಮೆ ಕೇಳುತ್ತಿದ್ದಾಗಲೇ ಕೆಳಗೆ ಹಾರನ್ ಕೇಳಿಸಿತು. ಡ್ರೈವರ್ ಮೇಲೆ ಬಂದು ಬಾಗಿಲಲ್ಲಿ ನಿಂತ. "ಸಾಮಾನು ಎಷ್ಟಿದೆಯಮ್ಮಾ?"

ಹೆಂಡತಿ ಚೀಲವನ್ನು ಒಳಗೆ ಎತ್ತಿಟ್ಟು ಬಂದು ಗಂಡನ ಕಡೆ ಕೈ ತೋರಿಸಿದಳು. "ಇದೊಂದೇ. ಇವರ ಆಫೀಸಿನ ಮುಂದೆ ಇಳಿಸ್ಬಿಡಿ."

ಡ್ರೈವರ್ ಇಂಟುವನ್ನು ಮೇಲಿಂದ ಕೆಳಗೆ ನೋಡಿದ. "ಒಡೆಯೋ ಸಾಮಾನಾ?"

"ಒಡೆದ್ರೂ ಪರವಾಗಿಲ್ಲ" ಎಂದರು ಅತ್ತೆ.