ನಾನು ಹಿಂದೆ ತಳ್ಳಿದ ಗಡಿಯಾರ

ನಮ್ಮವರು ಇದ್ದ ಕೊನೆಯ ದಿನ ನಾನು ಇಡೀ ಶಾಲೆಗೆ ಅರ್ಧ ಗಂಟೆ ಹೆಚ್ಚು ಪಾಠ ಹೇಳಿಸಿದೆ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು!

ಅವರು ಅಲ್ಲಿ ಗಂಟೆ ಹೊಡೆಯುತ್ತಿದ್ದರು, ನಾನು ಕಸ ಗುಡಿಸುತ್ತಿದ್ದೆ. ಮಕ್ಕಳ ಓದು ಸುಧಾರಿಸಲಿ ಎಂದು ಹೆಡ್‌ಮಿಸ್ ಆ ವಾರ ನಾಲ್ಕಕ್ಕೆ ಬಿಡುವ ಶಾಲೆಯನ್ನು ಐದಕ್ಕೆ ಎಳೆದರು. ಟೀಚರುಗಳ ಫೋನೆಲ್ಲ ಅವರ ಬೀರುವಿನಲ್ಲಿ. ಕೈಗಡಿಯಾರ ಈಗ ಯಾರು ಕಟ್ಟುತ್ತಾರೆ? ವರಾಂಡದ ಕೀಲಿ ಗಡಿಯಾರ ಹೇಳಿದ್ದೇ ಹೊತ್ತು.

ನನಗೆ ಬಲು ಖುಷಿ. "ನನ್ನನ್ನೂ ದಿನಾ ಒಂದು ಗಂಟೆ ಜಾಸ್ತಿ ಕೂರಿಸಿದ್ದಿದ್ರೆ ನಾನೇ ಹೆಡ್‌ಮಿಸ್ ಆಗಿರ್ತಿದ್ದೆ ಕಣ್ರೀ!"

"ಆಗ್ಲೂ ನಾನು ಗಂಟೆ ಹೊಡೀತಿದ್ದೆ, ನೀನು ಬೈತಿದ್ದೆ. ಏನೇ ಬದಲಾಗ್ತಿತ್ತು?"

ಅವರಿಗೆ ಮಕ್ಕಳದೇ ಚಿಂತೆ. "ನಾಲ್ಕರ ಮೇಲೆ ಆ ಮುಖ ನೋಡೇ, ಬಾಡಿದ ಸೊಪ್ಪು. ಆಡೋ ಹೊತ್ತು ಕಿತ್ಕೊಂಡ್ರೆ ಓದು ಬರುತ್ತಾ?"

ಬಾಯಲ್ಲಿ ಇಷ್ಟು. ಕೈಯಲ್ಲಿ ಇನ್ನೊಂದು. ಊಟದ ಬಿಡುವಿನಲ್ಲಿ ಅವರು ಕದ್ದು ಸ್ಟೂಲು ಹತ್ತಿ ಮುಳ್ಳನ್ನು ಅರ್ಧ ಗಂಟೆ ಮುಂದೆ ತಳ್ಳಿದ್ದನ್ನು ಸೋಮವಾರವೇ ಕಂಡೆ. ಸಿಕ್ಕಿಬಿದ್ದರೆ ಕೆಲಸ ಹೋಗುತ್ತಿತ್ತು. ಕೇಳಿದರೆ ಜಗಳ. ಅವರು ಅತ್ತ ಹೋದರು, ನಾನು ಸ್ಟೂಲು ಹತ್ತಿ ಅರ್ಧ ಗಂಟೆ ಹಿಂದೆ ತಳ್ಳಿದೆ. ವಿದ್ಯೆಯೂ ಉಳಿಯಿತು, ಕೆಲಸವೂ ಉಳಿಯಿತು! ದಿನಾ ಇದೇ ನಡೆಯಿತು.

"ಈ ಗಡಿಯಾರ ಕುಂಟ್ತಾ ಇದೆ ಕಣೇ."

"ವಯಸ್ಸಾಯ್ತು, ನಿಮ್ಮ ಹಾಗೇ."

ಗುರುವಾರ ಹೆಡ್‌ಮಿಸ್ ಮೀಟಿಂಗಿಗೆ ಹೋಗಿದ್ದರು. ಯಾಕೋ ಸುಸ್ತು ಎಂದು ನಮ್ಮವರು ಬೆಂಚಿನ ಮೇಲೆ ಅಡ್ಡಾದರು, ಸ್ಟೂಲು ಹತ್ತಲೇ ಇಲ್ಲ. ನಾನು ಅದನ್ನು ನೋಡಬೇಕಿತ್ತಲ್ಲ? ಹತ್ತಿದೆ, ಹಿಂದೆ ತಳ್ಳಿದೆ, ಇಳಿದೆ!

ಹೊರಗೆ ಐದಾಯಿತು. ವರಾಂಡದಲ್ಲಿ ಇನ್ನೂ ನಾಲ್ಕೂವರೆ. ಗೇಟಿನಾಚೆ ತಾಯಂದಿರ ಕೂಗು, ಆಟೋಗಳ ಹಾರ್ನು. "ಇನ್ನೂ ಹೊತ್ತಾಗಿಲ್ಲ ತಾಯಿ!" ಎಂದು ನಮ್ಮವರು ಗೇಟು ಹಿಡಿದು ನಿಂತರು. ಒಳಗೆ ಲೆಕ್ಕದ ಮೇಷ್ಟ್ರು ಮಗ್ಗಿ ಹೇಳಿಸುತ್ತಲೇ ಇದ್ದರು. ಎರಡನೇ ಕ್ಲಾಸು ಪೂರ್ತಿ ಗೊರಕೆ.

ಐದೂವರೆಗೆ ಹೆಡ್‌ಮಿಸ್ ಬಂದರು. "ಗಡಿಯಾರ ಮುಟ್ಟಿದ್ದು ಯಾರು?"

ನಮ್ಮವರು ಸ್ಟೂಲು ನೋಡಿದರು. ಅದರ ಮೇಲೆ ನನ್ನ ಪಾದದ ಧೂಳಿನ ಗುರುತು. ಆಮೇಲೆ ನನ್ನನ್ನು ನೋಡಿದರು.

"ನಾನೇ ಮೇಡಂ. ಕೀಲಿ ಕೊಡೋವಾಗ ಮುಳ್ಳು ಜಾರಿಬಿಡ್ತು."

"ಬೆಳಿಗ್ಗೆ ಬಂದು ನನ್ನನ್ನ ನೋಡಿ!"

"ಹೆಡ್‌ಮಿಸ್ಸಮ್ಮಾ, ನಿಮ್ಮ ಶಾಲೆ ಚೆನ್ನಾಗಿ ನಡೀತು" ಎಂದು ನಮ್ಮವರು ಮನೆ ದಾರಿಯುದ್ದಕ್ಕೂ ನನ್ನನ್ನು ಛೇಡಿಸಿ ನಕ್ಕರು. ನಾನೂ ನಕ್ಕೆ.

ಬೆಳಿಗ್ಗೆ ಅವರು ಏಳಲಿಲ್ಲ. ನಿದ್ದೆಯಲ್ಲೇ ಹೃದಯ ನಿಂತಿದೆ ಎಂದರು ಡಾಕ್ಟರು.

ಅವರ ಕೆಲಸ ನನಗೆ ಕೊಟ್ಟರು. ಶಾಲೆ ಈಗಲೂ ಐದಕ್ಕೇ ಬಿಡುತ್ತದೆ. ದಿನಾ ಬೆಳಿಗ್ಗೆ ಮೊದಲ ಗಂಟೆ ಹೊಡೆದು, ಎಲ್ಲರೂ ಒಳಗೆ ಹೋದ ಮೇಲೆ ಸ್ಟೂಲು ಹತ್ತುತ್ತೇನೆ. ಗಡಿಯಾರಕ್ಕೆ ಕೀಲಿ ಕೊಡುತ್ತೇನೆ. ಮುಳ್ಳನ್ನು ಸರಿಯಾದ ಹೊತ್ತಿಗಿಂತ ಐದೇ ಐದು ನಿಮಿಷ ಮುಂದೆ ತಳ್ಳಿಡುತ್ತೇನೆ. ಹಿಂದೆ ತಳ್ಳುವವರು ಈಗ ಯಾರೂ ಇಲ್ಲ.

ಇಳಿದ ಮೇಲೆ ಮರೆಯದೆ ಸ್ಟೂಲು ಒರೆಸುತ್ತೇನೆ.